ಕಾರಿಡಾರಲ್ಲಿ ಹಾಸಿಗೆ, ಹೊರಗಡೆ ಲಾರಿ: 'ಮಷೀನ್ ಹೆಡ್' ರೆಕಾರ್ಡ್ ಆದ ಎರಡು ವಾರ

ಮೊನ್ನೆ ಭಾನುವಾರ ನಮ್ಮ ಗೆಳೆಯರ ಸಂಗೀತ ಕೂಟದಲ್ಲಿ ಮಾತಾಡಿದ್ದು ಇದು. ಬರದೇ ಇದ್ದೋರು ಬರೆದು ಹಾಕಿ ಅಂತ ಕೇಳಿದ್ರು. ರೆಕಾರ್ಡ್ ಮಾಡ್ತಿದ್ದ ಫೋನು ಅರ್ಧಕ್ಕೇ ಚಾರ್ಜ್ ಖಾಲಿಯಾಗಿ ಸತ್ತಿತ್ತು, ಹಾಗಾಗಿ ಕೊನೇ ಭಾಗ ನೆನಪಿಂದ ಬರೆದಿದೀನಿ, ಅವತ್ತು ಹೇಳೋಕೆ ಮರೆತಿದ್ದ ಒಂದೆರಡು ವಿಷಯನೂ ಮಧ್ಯ ತುರುಕಿದೀನಿ. ರೆಕಾರ್ಡಿಂಗ್ ಬಗ್ಗೆ ಮಾತಾಡೋಕೆ ಹೋದೋನ ರೆಕಾರ್ಡಿಂಗೇ ಹಾಳಾಯ್ತು ಅಂತ ಈಗಾಗ್ಲೇ ಬೇಕಾದಷ್ಟು ಜನ ನಕ್ಕಾಗಿದೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದ್ಸಲ ಆದ್ರೂ ಗಿಟಾರ್ ಕೈಗೆ ತಗೊಂಡೋರು ಎಷ್ಟ್ ಜನ ಇದೀರಾ, ಕೈ ಎತ್ತಿ. ಸರಿ. ಅದ್ರಲ್ಲಿ ಮೊದಲನೇ ವಾರದಲ್ಲೇ "ಡಂ ಡಂ ಡಂ, ಡಂ ಡಂ ಡಡಂ" ನುಡಿಸದೇ ಇದ್ದೋರು ಯಾರು? ಒಬ್ರೂ ಇಲ್ಲ ನೋಡಿ, ನಂಗೆ ಗೊತ್ತಿತ್ತು. ಗಿಟಾರ್ ಮಾರೋ ಅಂಗಡಿಯೋರು ದಿನಕ್ಕೆ ಹತ್ ಸಲ ಇದನ್ನ ಕೇಳಿ ಕೇಳಿ ಮುಖ ಹುಳ್ಳಗೆ ಮಾಡ್ಕೊಳ್ಳೋದನ್ನ ನಾನೇ ನೋಡಿದೀನಿ, ಮಾಡಿಸಿದೋರಲ್ಲಿ ನಾನೂ ಒಬ್ಬ. 'ಸ್ಮೋಕ್ ಆನ್ ದ ವಾಟರ್'. ಡೀಪ್ ಪರ್ಪಲ್ ಬ್ಯಾಂಡು, 1972ರಲ್ಲಿ ಬಂದ 'ಮಷೀನ್ ಹೆಡ್' ಅನ್ನೋ ಆಲ್ಬಮ್ಮು. ತಮಾಷೆ ಏನಪ್ಪಾ ಅಂದ್ರೆ ಈ ಹಾಡನ್ನ ಅವ್ರು ಪ್ಲಾನೇ ಮಾಡಿರ್ಲಿಲ್ಲ. ಎಲ್ಪಿ, ಅಂದ್ರೆ ಆಲ್ಬಮ್ ಬರೋ ದೊಡ್ಡ ರೆಕಾರ್ಡ್ ತಟ್ಟೆ, ತುಂಬ್ತಿಲ್ಲ, ಇನ್ನೊಂದಿಷ್ಟು ನಿಮಿಷ ಕಮ್ಮಿ ಬೀಳ್ತಿದೆ ಅಂದಾಗ ಮೂಲೇಲಿ ಬಿದ್ದಿದ್ದ ಒಂದು ಟೇಪು ನೆನಪಾಗಿ ಹುಡುಕಿ ತೆಗೆದಿದ್ದು. ನಮ್ಮಮ್ಮ ನೆಂಟರು ಜಾಸ್ತಿ ಬಂದ್ರೆ ಹುಳಿಗೆ ನೀರು ಸೇರ್ಸಿ ಕುದಿಸ್ತಿದ್ರಲ್ಲ ಆ ಲೆಕ್ಕ, ಆದ್ರೆ ಇಲ್ಲಿ ಸೇರ್ಸಿದ ನೀರೇ ಊರೆಲ್ಲ ಹೆಸರು ಮಾಡ್ತು.

ಇವತ್ತು ನಾನು ಹೇಳೋಕೆ ಬಂದಿರೋದು ಆ ಒಂದು ಹಾಡಿನ ಕಥೆ ಅಷ್ಟೇ ಅಲ್ಲ. ಆ ಆಲ್ಬಮ್ ಯಾಕೆ ಹಾಗೆ ಕೇಳ್ಸುತ್ತೆ ಅನ್ನೋದು. ಅದ್ರಲ್ಲಿ ಐದು ಜನ ಒಂದೇ ಜಾಗದಲ್ಲಿ ನಿಂತು ನುಡಿಸ್ತಿದಾರೆ ಅಂತ ಕಿವಿಗೆ ಗೊತ್ತಾಗುತ್ತೆ. ನನ್ನ ವಾದ ಏನಂದ್ರೆ ಅದಕ್ಕೆ ಅವರ ಕೈಚಳಕ ಎಷ್ಟು ಕಾರಣನೋ, ಅವರು ನುಡಿಸ್ತಿದ್ದ ಜಾಗದಿಂದ ಕಂಟ್ರೋಲ್ ರೂಮಿಗೆ (ಟೇಪಿಗೆ ಇಳಿಸಿ ಕೇಳೋ ಕೋಣೆಗೆ) ಹೋಗೋ ದಾರಿ ಕೆಟ್ಟದಾಗಿದ್ದಿದ್ದೂ ಅಷ್ಟೇ ಕಾರಣ. ನಗಬೇಡಿ, ಬರ್ತೀನಿ ಅಲ್ಲಿಗೆ.

ಮೊದಲು ಜನ ಯಾರ್ಯಾರು ಅಂತ ಹೇಳ್ಬಿಡ್ತೀನಿ. ಗಿಟಾರು ರಿಚಿ ಬ್ಲ್ಯಾಕ್‌ಮೋರ್, ಹಾಡೋನು ಇಯಾನ್ ಗಿಲ್ಲನ್, ಬೇಸ್ ರಾಜರ್ ಗ್ಲೋವರ್, ಹ್ಯಾಮಂಡ್ ಅನ್ನೋ ಕರೆಂಟಿನ ಆರ್ಗನ್ ಜಾನ್ ಲಾರ್ಡ್, ಡ್ರಮ್ಸ್ ಇಯಾನ್ ಪೇಸ್. ಇಂಗ್ಲೆಂಡಿನೋರು. 1971ರಲ್ಲಿ ಇವರಿಗೆ ಉಸಿರಾಡೋಕೆ ಪುರುಸೊತ್ತಿರ್ಲಿಲ್ಲ, ಟೂರ್ ಮೇಲೆ ಟೂರು. ಅದರ ಹಿಂದಿನ ಆಲ್ಬಮ್ 'ಫೈರ್‌ಬಾಲ್' ಅಂತೂ ಟೂರ್‌ಗಳ ಮಧ್ಯೆ ಸಿಕ್ಕಿದ ಸಂದಿಯಲ್ಲಿ ಚೂರು ಚೂರಾಗಿ ರೆಕಾರ್ಡ್ ಮಾಡಿದ್ದು, ಅವರಿಗೇ ಅದು ಅಷ್ಟು ಸಮಾಧಾನ ಇರ್ಲಿಲ್ಲ. ಈ ಸಲ ಒಂದೇ ಕಡೆ ಕೂತು, ಸ್ಟೇಜ್ ಮೇಲೆ ನುಡಿಸೋ ಥರಾನೇ ನುಡಿಸಿ ಮುಗಿಸೋಣ ಅಂದ್ಕೊಂಡ್ರು.

ಸ್ಟುಡಿಯೋದಲ್ಲೇ ಮಾಡಬಹುದಿತ್ತಲ್ಲ ಅಂತ ಕೇಳ್ತೀರಿ. ಆಗಿನ ಸ್ಟುಡಿಯೋ ಅಂದ್ರೆ ಗೋಡೆಗೆಲ್ಲ ಬಟ್ಟೆ, ನೆಲಕ್ಕೆ ಕಾರ್ಪೆಟ್, ಡ್ರಮ್ಮರ್‌ನ ಒಂದು ಗೂಡಲ್ಲಿ ಕೂರಿಸೋದು, ಸದ್ದು ಹೊರಟ ಜಾಗದಲ್ಲೇ ಸತ್ತು ಹೋಗೋದು. ಬಚ್ಚಲುಮನೇಲಿ ಹಾಡೋದಕ್ಕೂ ಬಟ್ಟೆ ತುಂಬಿದ ಬೀರು ಒಳಗೆ ನಿಂತು ಹಾಡೋದಕ್ಕೂ ಇರೋ ವ್ಯತ್ಯಾಸ ನೆನೆಸ್ಕೊಳ್ಳಿ. ಇವರಿಗೆ ಬೇಕಾಗಿದ್ದು ಬಚ್ಚಲುಮನೆ, ಅದೂ ದೊಡ್ಡದು. ಸಾಲದ್ದಕ್ಕೆ ಆಗ ಇಂಗ್ಲೆಂಡಲ್ಲಿ ದುಡಿಯೋರ ಮೇಲೆ ತೆರಿಗೆ ಯದ್ವಾತದ್ವಾ ಇತ್ತು, ದೇಶದ ಹೊರಗೆ ರೆಕಾರ್ಡ್ ಮಾಡಿದ್ರೆ ಉಳಿತಾಯ ಅನ್ನೋ ಲೆಕ್ಕಾಚಾರನೂ ಇತ್ತು. ಕಲೆ ಕಲೆ ಅಂತೀವಿ, ಆಡಿಟರ್ ಹಿಂದೆ ನಿಂತೇ ಇರ್ತಾನೆ.

ಹಾಗಾಗಿ ಒಂದು ಲಾರಿ ಬಾಡಿಗೆಗೆ ತಗೊಂಡ್ರು. ಇದು ಸಾಮಾನ್ಯ ಲಾರಿ ಅಲ್ಲ, ರೋಲಿಂಗ್ ಸ್ಟೋನ್ಸ್ ಬ್ಯಾಂಡಿನೋರು ತಮಗಂತಲೇ ಮಾಡಿಸ್ಕೊಂಡಿದ್ದ ಮೊಬೈಲ್ ಸ್ಟುಡಿಯೋ, ಐಡಿಯಾ ಅವರ ಜೊತೆಗಿದ್ದ ಪಿಯಾನೋ ವಾದಕ ಇಯಾನ್ ಸ್ಟೂವರ್ಟ್ ಅವರದ್ದು. ಒಳಗೆ ಮಿಕ್ಸಿಂಗ್ ಕನ್ಸೋಲು, ಟೇಪ್ ಮಷೀನು, ಸ್ಪೀಕರ್ರು, ಒಟ್ಟು ಕಂಟ್ರೋಲ್ ರೂಮನ್ನೇ ಚಕ್ರದ ಮೇಲೆ ಇಟ್ಟಂಗೆ. ಎಲ್ಲಿ ಬೇಕೋ ಅಲ್ಲಿ ನಿಲ್ಸಿ ಕೇಬಲ್ ಎಳೆದ್ರಾಯ್ತು, ಯಾವ ಕಟ್ಟಡ ಬೇಕಾದ್ರೂ ಸ್ಟುಡಿಯೋ. ಲೆಡ್ ಜೆಪ್ಪೆಲಿನ್‌ನೋರೂ ತಮ್ಮ ನಾಲ್ಕನೇ ಆಲ್ಬಮ್ಮಿಗೆ ಇದೇ ಲಾರಿ ಬಳಸಿದ್ರು. ಈಗ ಅದು ಕೆನಡಾದ ಕ್ಯಾಲ್ಗರಿಯಲ್ಲಿ ಒಂದು ಸಂಗೀತ ಮ್ಯೂಸಿಯಮ್ಮಲ್ಲಿದೆ, ಅಲ್ಲಿರೋ ನಮ್ ಕನ್ನಡದೋರು ಯಾರಾದ್ರೂ ಇದ್ರೆ ಹೋಗಿ ನೋಡಿ ನನಗೊಂದು ಫೋಟೋ ಕಳ್ಸಿ.

ಜಾಗ ಎಲ್ಲಿ? ಸ್ವಿಟ್ಜರ್ಲೆಂಡಿನ ಮಾಂತ್ರೋ ಅನ್ನೋ ಊರು, ಜಿನೀವಾ ಸರೋವರದ ದಡ, ಹಿಂದೆ ಬೆಟ್ಟ. ಅಲ್ಲೊಂದು ಹಳೇ ಕಸೀನೋ, ಅದರಲ್ಲಿ ದೊಡ್ಡ ಸಭಾಂಗಣ. ಆ ಊರಿನ ಜಾಝ್ ಉತ್ಸವ ನಡೆಸ್ತಿದ್ದ ಕ್ಲೋಡ್ ನೋಬ್ಸ್ ಇವರಿಗೆ ಪರಿಚಯ. ಚಳಿಗಾಲಕ್ಕೆ ಕಸೀನೋ ಮುಚ್ತಾರೆ, ಆಮೇಲೆ ಜಾಗ ಎಲ್ಲಾ ನಿಮ್ದೇ, ಆದ್ರೆ ಒಂದೇ ಒಂದು ಕಾರ್ಯಕ್ರಮ ಬಾಕಿ ಇದೆ, ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಾಪಾ ಅವರದ್ದು, ಅದು ಮುಗೀಲಿ ಅಂದ್ರು. ಡಿಸೆಂಬರ್ 3ಕ್ಕೆ ಬ್ಯಾಂಡು ಬಂದಿಳೀತು. 4ನೇ ತಾರೀಕು ಝಾಪಾ ಕಾರ್ಯಕ್ರಮ, ಇವರೂ ನೋಡೋಕೆ ಹೋದ್ರು.

ಮುಂದಿನದ್ದು ನಿಮಗೆ ಗೊತ್ತಿರುತ್ತೆ. ಜನರ ಮಧ್ಯದಿಂದ ಯಾವನೋ ಒಬ್ಬ ಫ್ಲೇರ್ ಗನ್ ಹೊಡೆದ, ಅಂದ್ರೆ ಹಡಗಿನೋರು ಕಷ್ಟದಲ್ಲಿದೀವಿ ಅಂತ ಸಿಗ್ನಲ್ ಕೊಡೋಕೆ ಆಕಾಶಕ್ಕೆ ಹಾರಿಸ್ತಾರಲ್ಲ ಆ ಬೆಂಕಿ ಪಿಸ್ತೂಲು. ಚಾವಣಿಗೆ ಬೆತ್ತ ಹೊದಿಸಿದ್ರು. ಹತ್ಕೊಳ್ತು. ಝಾಪಾ ನುಡಿಸೋದು ನಿಲ್ಸಿ ಜನರನ್ನ ಹೊರಗೆ ಹೋಗಿ ಅಂದ್ರು, ನೋಬ್ಸ್ ಒಳಗೂ ಹೊರಗೂ ಓಡಾಡಿ ಹುಡುಗರನ್ನ ಎಳೆದು ತಂದ್ರು, ದೇವರು ದೊಡ್ಡೋನು, ಯಾರೂ ಸಾಯಲಿಲ್ಲ. ಕಟ್ಟಡ ಮಾತ್ರ ಪೂರ್ತಿ ಬೂದಿ. ಝಾಪಾ ಅವರ ವಾದ್ಯಗಳೆಲ್ಲ ಹೋಯ್ತು. ಪಾಪ ಆ ಮನುಷ್ಯನ ಗ್ರಹಚಾರ ನೋಡಿ, ಇದಾಗಿ ಒಂದು ವಾರ ಆಗಿಲ್ಲ, 10ನೇ ತಾರೀಕು ಲಂಡನ್ನಲ್ಲಿ ಸ್ಟೇಜ್ ಮೇಲಿಂದ ಒಬ್ಬ ತಳ್ಳಿಬಿಟ್ಟ, ತಿಂಗಳುಗಟ್ಟಲೆ ಗಾಲಿ ಕುರ್ಚಿ. ಡೀಪ್ ಪರ್ಪಲ್‌ನೋರು ಹೋಟೆಲ್ ಕಿಟಕಿಯಿಂದ ನೋಡ್ತಾ ಕೂತಿದ್ರಂತೆ, ತಾವು ರೆಕಾರ್ಡ್ ಮಾಡಬೇಕಿದ್ದ ಕಟ್ಟಡ ಉರೀತಿದೆ, ಬೆಟ್ಟದ ಗಾಳಿ ಹೊಗೇನ ತಳ್ಕೊಂಡ್ ಹೋಗಿ ಸರೋವರದ ನೀರಿನ ಮೇಲೆ ಹಾಸ್ತಿದೆ.

ಈಗ ಪರಿಸ್ಥಿತಿ ಯೋಚ್ನೆ ಮಾಡಿ. ಲಾರಿ ಇದೆ, ಅದರ ಬಾಡಿಗೆ ಮೀಟರ್ ಓಡ್ತಿದೆ, ಇಂಜಿನಿಯರ್ ಮಾರ್ಟಿನ್ ಬರ್ಚ್ ಇದಾರೆ, ಜಾಗ ಇಲ್ಲ. ನೋಬ್ಸ್ ಓಡಾಡಿ ಪೆವಿಲಿಯನ್ ಅಂತ ಊರ ಮಧ್ಯದ ಒಂದು ಥಿಯೇಟರ್ ಕೊಡಿಸಿದ್ರು. ಅಲ್ಲಿ ಸಾಮಾನೆಲ್ಲ ಜೋಡಿಸಿ ಮೊದಲನೇದಾಗಿ ಬ್ಲ್ಯಾಕ್‌ಮೋರ್ ಹತ್ರ ಇದ್ದ ಒಂದು ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಸಣ್ಣ ಸ್ವರಗುಚ್ಛ, ತಗೊಂಡು ನುಡಿಸೋಕೆ ಶುರು ಮಾಡಿದ್ರು, ಹೆಸರಿಲ್ಲ, ಸಾಹಿತ್ಯ ಇಲ್ಲ, ಬರೀ ವಾದ್ಯ. ರಾತ್ರಿ ಹೊತ್ತು, ಮಾರ್ಷಲ್ ಆಂಪ್ಲಿಫೈಯರ್‌ಗಳು ಪೂರ್ತಿ ವಾಲ್ಯೂಮಲ್ಲಿ. ಅಕ್ಕಪಕ್ಕದೋರು ಸುಮ್ನಿರ್ತಾರಾ? ಪೊಲೀಸರು ಬಂದ್ರು. ಬಾಗಿಲು ಬಡೀತಿದಾರೆ, ಒಳಗಡೆಯಿಂದ ಬ್ಯಾಂಡಿನ ಸಾಮಾನು ಹೊರೋ ಹುಡುಗರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದಾರೆ, ಟೇಕ್, ಅಂದ್ರೆ ಆ ಒಂದು ಸಲದ ರೆಕಾರ್ಡಿಂಗ್, ಮುಗಿಯೋವರೆಗೂ ತೆಗೀಬೇಡಿ ಅಂತ. ಟೇಕ್ ಮುಗೀತು, ಬಾಗಿಲು ತೆಗೆದ್ರು, ಆಚೆ ಹಾಕಿದ್ರು. ಆ ಒಂದು ಟೇಪು ಅಷ್ಟೇ ಅಲ್ಲಿಂದ ತಂದ ಸಂಪಾದನೆ. ಅದೇ 'ಡಂ ಡಂ ಡಂ'.

ಮತ್ತೆ ಜಾಗ ಹುಡುಕಾಟ. ಕೊನೆಗೆ ಸಿಕ್ಕಿದ್ದು ಗ್ರ್ಯಾಂಡ್ ಹೋಟೆಲ್, ಚಳಿಗಾಲ ಅಂತ ಮುಚ್ಚಿದ್ದು, ಖಾಲಿ, ಒಳಗೆ ಕೊರೆಯೋ ಚಳಿ. ಹೆಸರು ಗ್ರ್ಯಾಂಡು, ನುಡಿಸಿದ್ದು ಕಾರಿಡಾರಲ್ಲಿ. ಮೆಟ್ಟಿಲು, ಓಡಾಡೋ ಪಡಸಾಲೆ, ಮೂಲೆ ಮುಡುಕು ಎಲ್ಲಾ ಕಡೆ ಹೋಟೆಲಿನ ಹಾಸಿಗೆಗಳನ್ನ ತಂದು ಗೋಡೆಗೆ ಒರಗಿಸಿ ನಿಲ್ಸಿದ್ರು, ಬೆಚ್ಚಗಾಗೋಕೆ ಕಾರ್ಖಾನೆಯಲ್ಲಿ ಇಡೋ ಥರದ ದೊಡ್ಡ ಹೀಟರ್‌ಗಳು. ಹೊರಗಡೆ ಹಿಮದಲ್ಲಿ ಲಾರಿ.

ಹಾಸಿಗೆ ವಿಷಯಕ್ಕೆ ಒಂದ್ ನಿಮಿಷ ನಿಲ್ತೀನಿ, ಯಾಕಂದ್ರೆ ಇದನ್ನ ನಾನು ಕೈಯಾರೆ ಮಾಡಿ ಕೆಟ್ಟಿದೀನಿ. ನಮ್ಮ ಕಾಲೇಜ್ ಬ್ಯಾಂಡಿದ್ದಾಗ ಸ್ಟುಡಿಯೋಗೆ ಕೊಡೋ ಕಾಸಿಲ್ಲ, ಗೆಳೆಯನ ಸೋದರಮಾವನ ಕಡೆಯೋರ ಒಂದು ಛತ್ರ, ಆಷಾಢ ಮಾಸ, ಮದುವೆ ಇಲ್ಲ, ಖಾಲಿ. ಡ್ರಮ್ಸ್‌ನ ಊಟದ ಹಾಲಲ್ಲಿ ಇಟ್ವಿ. ಒಂದೇಟು ಹೊಡೆದ್ರೆ ಸದ್ದು ಗ್ರಾನೈಟ್ ನೆಲ, ಗೋಡೆ, ಚಾವಣಿ ಎಲ್ಲಾ ಕಡೆ ಹೋಗಿ ನಾಲ್ಕು ಸಲ ವಾಪಸ್ ಬರೋದು. ಶಾಮಿಯಾನದೋರ ಹತ್ರ ಮದುವೆಗೆ ಕೊಡ್ತಾರಲ್ಲ ಆ ಹತ್ತಿ ಹಾಸಿಗೆ ಇಪ್ಪತ್ತು ಬಾಡಿಗೆಗೆ ತಂದು ಗೋಡೆಗೆ ನಿಲ್ಸಿದ್ವಿ. ಆಗ ಅರ್ಥ ಆಯ್ತು ನಂಗೆ, ಹಾಸಿಗೆ ತಿನ್ನೋದು ಮೇಲಿನ ಚುರುಕು ಸದ್ದನ್ನ, ಜಲ್ಲರಿ ಥರ ಚಿಲಚಿಲ ಅನ್ನೋದನ್ನ. ಕೆಳಗಿನ ಗುಡುಗು ಹಾಸಿಗೆಗೆಲ್ಲ ಬಗ್ಗಲ್ಲ, ಅದು ಹಾಗೇ ಉಳ್ಕೊಳ್ಳುತ್ತೆ. ಅದಕ್ಕೇ ಎಷ್ಟು ಹಾಸಿಗೆ, ಎಲ್ಲಿ, ಎಷ್ಟು ಸಂದಿ ಬಿಟ್ಟು ಅನ್ನೋದೇ ಕೆಲಸ. ಬರ್ಚ್ ಆ ಕಾರಿಡಾರಲ್ಲಿ ಸದ್ದು ಸಾಯದೇನೂ ಇರಬೇಕು, ಗೊಂದಲಾನೂ ಆಗಬಾರದು ಅನ್ನೋ ಆ ಗೆರೆ ಹಿಡಿದ್ರಲ್ಲ, 'ಮಷೀನ್ ಹೆಡ್' ಡ್ರಮ್ಸ್ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಗಟ್ಟಿ ಇದೆ, ಒಣಗಿಲ್ಲ. ಇದೇ ಬರ್ಚ್ ಮುಂದೆ ಐರನ್ ಮೇಡನ್ ಬ್ಯಾಂಡಿನ ಎಷ್ಟೋ ಆಲ್ಬಮ್‌ಗಳನ್ನ ಮಾಡಿದ್ದು. ನಮ್ಮದು ಬಿಡಿ, ನಮ್ಮ ಟೇಪಲ್ಲಿ ಡ್ರಮ್ಸ್ ಅಡುಗೆಮನೇಲಿ ಪಾತ್ರೆ ಬಿದ್ದಂಗೆ ಬಂತು.

ಈಗ ಆ ದಾರಿ ವಿಷಯ. ಒಂದು ಟೇಕ್ ನುಡಿಸಿದ್ರೆ ಅದು ಹೇಗೆ ಬಂದಿದೆ ಅಂತ ಕೇಳೋಕೆ ಲಾರಿಗೆ ಹೋಗಬೇಕು. ಹೇಗೆ ಹೋಗೋದು? ಕಾರಿಡಾರ್ ದಾಟಿ, ರೂಮ್‌ಗಳ ಒಳಗೆ ನುಗ್ಗಿ, ಬಾಲ್ಕನಿ ಹತ್ತಿ ಇಳಿದು, ಹಿಮದಲ್ಲಿ ಅಂಗಳ ದಾಟಿ ಲಾರಿ ಹತ್ಬೇಕು. ಕೇಳಿ ಆದ್ಮೇಲೆ ಅದೇ ದಾರೀಲಿ ವಾಪಸ್. ಮೊದಮೊದಲು ಹೋದ್ರು ಬಂದ್ರು. ಆಮೇಲೆ ಸಾಕಪ್ಪಾ ಅಂತ ಕೈ ಬಿಟ್ರು. ನುಡಿಸುವಾಗ ಚೆನ್ನಾಗಿ ಬಂತು ಅಂತ ಐದೂ ಜನರಿಗೆ ಅನ್ನಿಸ್ತಾ, ಮುಗೀತು, ಮುಂದಿನ ಹಾಡು. ಬಾಕಿ ನೋಡ್ಕೊಳ್ಳೋಕೆ ಬರ್ಚ್ ಇದಾರಲ್ಲ.

ಇದು ಸಣ್ಣ ವಿಷಯ ಅನ್ಸುತ್ತೆ. ಆದ್ರೆ ಸ್ಟುಡಿಯೋದಲ್ಲಿ ಕೂತೋರಿಗೆ ಗೊತ್ತು, ಪ್ಲೇಬ್ಯಾಕ್, ಅಂದ್ರೆ ಈಗಷ್ಟೇ ರೆಕಾರ್ಡ್ ಮಾಡಿದ್ದನ್ನ ಹಾಕಿ ಕೇಳೋಕೆ ಶುರು ಮಾಡಿದ್ರೆ ಪ್ರತಿಯೊಬ್ಬನೂ ತನ್ನ ವಾದ್ಯ ಮಾತ್ರ ಕೇಳ್ಕೊಳ್ತಾನೆ. ಬೇಸ್‌ನೋನು ಆ ಒಂದು ನೋಟ್ ಸರಿ ಇಲ್ಲ ಅಂತಾನೆ, ಡ್ರಮ್ಮರ್ ಇನ್ನೊಂದ್ಸಲ ಅಂತಾನೆ, ಹದಿನೈದನೇ ಟೇಕ್ ಹೊತ್ತಿಗೆ ಎಲ್ಲರದ್ದೂ ಸರಿ ಇರುತ್ತೆ, ಹಾಡು ಹೆಣ ಆಗಿರುತ್ತೆ. ಕೇಳೋಕೆ ಆಗದೇ ಇದ್ರೆ? ನುಡಿಸ್ತಾ ಇರುವಾಗಲೇ ಪಕ್ಕದೋನನ್ನ ಕೇಳಬೇಕು, ಬೇರೆ ದಾರಿ ಇಲ್ಲ. ಆ ಆಲ್ಬಮ್ಮಿನ 'ಲೇಝಿ' ಹಾಡಲ್ಲಿ ಗಿಟಾರೂ ಆರ್ಗನ್ನೂ ಒಬ್ಬರ ಮಾತು ಇನ್ನೊಬ್ಬರು ಕಿತ್ಕೊಳ್ಳೋ ಥರ ನುಡಿಸ್ತಾರಲ್ಲ, ನಮ್ಮಲ್ಲಿ ತನಿ ಆವರ್ತನದಲ್ಲಿ ಮೃದಂಗದೋರು ಬಿಟ್ಟಿದ್ದನ್ನ ಘಟದೋರು ಹಿಡಿಯೋ ಹಾಗೆ, ಅದು ಹಿಮದಲ್ಲಿ ನಡೆಯೋಕೆ ಸೋಮಾರಿತನ ಮಾಡಿದ್ದರ ಫಲ ಅಂತ ನಾನು ನಂಬಿದೀನಿ. ಹಾಡಿನ ಹೆಸರೂ ಅದೇ ಇದೆ ನೋಡಿ.

ಹಾಗಂತ ಎಲ್ಲಾ ಆಗಿಂದಾಗ್ಗೆ ಹುಟ್ಟಿದ್ದು ಅಂದ್ಕೋಬೇಡಿ. ಮೊದಲನೇ ಹಾಡು 'ಹೈವೇ ಸ್ಟಾರ್' ಬಸ್ಸಲ್ಲಿ ಹುಟ್ಟಿದ್ದು. ಅದೇ ವರ್ಷ ಸೆಪ್ಟೆಂಬರಲ್ಲಿ ಪೋರ್ಟ್ಸ್‌ಮತ್‌ಗೆ ಕಾರ್ಯಕ್ರಮಕ್ಕೆ ಹೋಗುವಾಗ ಬಸ್ಸಲ್ಲಿ ಪತ್ರಿಕೆಯೋರು ಇದ್ರು, ಒಬ್ಬರು ನೀವು ಹಾಡು ಹೇಗೆ ಬರೀತೀರಾ ಅಂತ ಕೇಳಿದ್ರು, ಬ್ಲ್ಯಾಕ್‌ಮೋರ್ ಗಿಟಾರ್ ತಗೊಂಡು ಹೀಗೆ ಅಂತ ಒಂದೇ ನೋಟನ್ನ ಚಕಚಕ ಹೊಡೆಯೋಕೆ ಶುರು ಮಾಡಿದ, ಗಿಲ್ಲನ್ ಮೇಲಿಂದ ಬಾಯಿಗೆ ಬಂದ ಸಾಲು ಹಾಡಿದ, ಅವತ್ತು ರಾತ್ರಿನೇ ಸ್ಟೇಜ್ ಮೇಲೆ ನುಡಿಸಿಬಿಟ್ರು. ಅದರ ಗಿಟಾರ್ ಸೋಲೋ ಮಾತ್ರ ಬ್ಲ್ಯಾಕ್‌ಮೋರ್ ಕೂತು ನೋಟ್ ನೋಟ್ ಲೆಕ್ಕ ಹಾಕಿ ಕಟ್ಟಿದ್ದು, ಅವನಿಗೆ ಜರ್ಮನಿಯ ಹಳೇ ಶಾಸ್ತ್ರೀಯ ಸಂಗೀತಗಾರ ಬಾಕ್ ಹುಚ್ಚು, ಸರಳೆ ವರಸೆ ಮೂರನೇ ಕಾಲದಲ್ಲಿ ಹೊಡೆದಂಗೆ ಓಡುತ್ತೆ. 'ಪಿಕ್ಚರ್ಸ್ ಆಫ್ ಹೋಮ್'ನಲ್ಲಿ ಗ್ಲೋವರ್‌ಗೆ ಒಂದು ಸಣ್ಣ ಬೇಸ್ ಸೋಲೋ ಇದೆ, ನನಗೆ ಇಡೀ ಆಲ್ಬಮ್ಮಲ್ಲಿ ಅದೇ ಇಷ್ಟ. 'ಮೇಬಿ ಐಯಾಮ್ ಎ ಲಿಯೋ', 'ಸ್ಪೇಸ್ ಟ್ರಕಿನ್' ಇವೆಲ್ಲ ನೀವೇ ಕೇಳ್ಕೊಳ್ಳಿ. 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಅನ್ನೋ ಒಂದು ನಿಧಾನದ ಹಾಡೂ ಅಲ್ಲೇ ರೆಕಾರ್ಡ್ ಆಗಿತ್ತು, ಬ್ಲ್ಯಾಕ್‌ಮೋರ್‌ಗೆ ಹಿಡಿಸ್ಲಿಲ್ಲ, ಆಲ್ಬಮ್ಮಿಂದ ಎತ್ತಿಬಿಟ್ರು. ಎಂಥಾ ಹಾಡು ಅದು. ಒಳ್ಳೇ ಗಿಟಾರಿಸ್ಟ್ ಆದ್ಮಾತ್ರಕ್ಕೆ ಎಲ್ಲಾ ತೀರ್ಮಾನ ಸರಿ ಇರ್ಬೇಕು ಅಂತೇನಿಲ್ಲ.

ಈಗ ಎಲ್ಲರೂ ಕಾಯ್ತಿರೋದಕ್ಕೆ ಬರೋಣ. ಟೈಮ್ ಮುಗೀತಾ ಬಂತು, ಹಾಡು ಸಾಲದು, ಆ ಪೆವಿಲಿಯನ್ ಟೇಪ್ ಇತ್ತಲ್ಲ ಅಂದ್ರು. ಅದಕ್ಕೆ ಸಾಹಿತ್ಯ ಇಲ್ಲ. ಬೆಂಕಿ ಬಿದ್ದ ಸ್ವಲ್ಪ ದಿನಕ್ಕೆ ಗ್ಲೋವರ್ ಬೆಳಿಗ್ಗೆ ನಿದ್ದೆಯಿಂದ ಎದ್ದಾಗ ಬಾಯಲ್ಲಿ ತಾನಾಗೇ ಆ ಮೂರ್ನಾಲ್ಕು ಪದ ಬಂದಿತ್ತಂತೆ, 'ಸ್ಮೋಕ್ ಆನ್ ದ ವಾಟರ್', ಅಂದ್ರೆ ನೀರಿನ ಮೇಲೆ ಹೊಗೆ. ಗಿಲ್ಲನ್‌ಗೆ ಹೇಳಿದ್ರೆ ಅವನು ಇದೇನು ನಶೆ ಹಾಡಿನ ಹೆಸರಿದ್ದಂಗಿದೆ ಅಂದ. ಈಗ ಬೇರೆ ಗತಿ ಇಲ್ಲ. ಇಬ್ಬರೂ ಕೂತು ಏನ್ ನಡೀತೋ ಅದನ್ನೇ ಬರೆದ್ರು. ಯಾವೂರು, ಯಾಕೆ ಬಂದ್ವಿ, ಲಾರಿ ಯಾರದ್ದು, ಯಾರ ಕಾರ್ಯಕ್ರಮ ಇತ್ತು, ಬೆಂಕಿ ಹೇಗೆ ಬಿತ್ತು, ಕ್ಲೋಡ್ ಹೇಗೆ ಓಡಾಡಿದ್ರು, ಆಮೇಲೆ ಖಾಲಿ ಹೋಟೆಲಲ್ಲಿ ಚಳೀಲಿ ಏನ್ ಮಾಡಿದ್ವಿ. ಒಂದು ಉಪಮೆ ಇಲ್ಲ, ಪ್ರಾಸಕ್ಕೆ ಒದ್ದಾಟ ಇಲ್ಲ, ಪೊಲೀಸ್ ಠಾಣೇಲಿ ಮಹಜರು ಬರೆದಂಗೆ ಇದೆ. ನಮ್ಮ ಲಾವಣಿ ಹಾಡೋರು ಊರಲ್ಲಿ ಕೆರೆ ಒಡೆದಿದ್ದನ್ನೋ ಬೆಂಕಿ ಬಿದ್ದಿದ್ದನ್ನೋ ಹಾಗೇ ಹಾಡ್ತಿದ್ರಲ್ಲ, ಅದೇ ಜಾತಿ. ಗಿಲ್ಲನ್ ಅದನ್ನ ಕೊನೇಗೆ ಹಾಡಿ ಮುಗಿಸಿದ. ಡಿಸೆಂಬರ್ 6ಕ್ಕೆ ಶುರುವಾಗಿದ್ದು 21ಕ್ಕೆ ಗಂಟು ಮೂಟೆ ಕಟ್ಟಿದ್ರು.

ಇನ್ನು ಆ ರಿಫ್. ಅವತ್ತು ಇಲ್ಲಿ ಮೂಲೇಲಿ ತಂಬೂರಿ ಇತ್ತು, ಅದರಲ್ಲೇ ತೋರಿಸಿದೆ, ಓದೋರು ಕಿವಿಯಲ್ಲೇ ಕಲ್ಪಿಸ್ಕೊಳ್ಳಿ. ತಂಬೂರಿಯ ಮೊದಲನೇ ತಂತಿ ಮಂದ್ರ ಪಂಚಮ, ಎರಡನೇದು ಷಡ್ಜ. ಪ, ಸ. ಈ ಎರಡನ್ನ ಒಂದಾದ್ಮೇಲೆ ಒಂದು ಮೀಟೋ ಬದಲು ಒಟ್ಟಿಗೇ ಮೀಟಿ. ಬ್ಲ್ಯಾಕ್‌ಮೋರ್ ನುಡಿಸೋ ಮೊದಲನೇ 'ಡಂ' ಅದೇ. ಸ್ವರದ ಜೊತೆ ಅದರ ಕೆಳಗೆ ಶುದ್ಧ ಮಧ್ಯಮದಷ್ಟು ದೂರದ ಸ್ವರ, ಎರಡೂ ಜೋಡಿಯಾಗೇ ಹತ್ತಿ ಇಳಿಯುತ್ತೆ. ಮೇಲಿನ ಸಾಲು ಹಾಡಿದ್ರೆ ಸ ಗ ಮ, ಸ ಗ ಮ ಮ. ಗಾಂಧಾರ ಸಾಧಾರಣ, ಎರಡನೇ ಸಾಲಲ್ಲಿ ಮೊದಲು ಪ್ರತಿ ಮಧ್ಯಮ ಮುಟ್ಟಿ ಶುದ್ಧ ಮಧ್ಯಮಕ್ಕೆ ಜಾರೋದು. ಎರಡು ಮಧ್ಯಮ ಅಕ್ಕಪಕ್ಕ ಬಂದಾಗ ಹೊಟ್ಟೇಲಿ ಒಂಥರಾ ಆಗುತ್ತಲ್ಲ, ಆ 'ಡಡಂ' ಜಾಗದಲ್ಲಿ ಎಲ್ಲರೂ ತಲೆ ಆಡಿಸೋದು ಅದಕ್ಕೇ. ಅಂಗಡೀಲಿ ನಾವೆಲ್ಲ ನುಡಿಸಿದ್ದು ತಪ್ಪು, ಪ್ಲೆಕ್ಟ್ರಮ್ ಹಿಡ್ಕೊಂಡು ಮೇಲಿಂದ ಕೆಳಕ್ಕೆ ಬಾರಿಸಿದ್ರೆ ಎರಡು ತಂತಿ ಕೂದಲೆಳೆ ಅಂತರದಲ್ಲಿ ಹಿಂದೆ ಮುಂದೆ ಆಗುತ್ತೆ. ಅವನು ಎರಡು ಬೆರಳಲ್ಲಿ ಎರಡೂ ತಂತೀನ ಒಟ್ಟಿಗೆ ಮೀಟ್ತಾನೆ, ಅದಕ್ಕೇ ಅದು ಒಂದೇ ಸದ್ದಾಗಿ ಬೀಳುತ್ತೆ. ಅದರ ಹಿಂದೆ ಡ್ರಮ್ಸ್‌ನ ಜೋಡಿ ತಾಳ, ಹೈ ಹ್ಯಾಟು, ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನ ಗಿಟಾರ್‌ಗೆ ಹಾಕೋ ಮಾರ್ಷಲ್‌ಗೇ ಹಾಕಿ ಒಡೆದ ಗಂಟಲಲ್ಲಿ ಅದೇ ಸ್ವರ ಸೇರಿಸ್ತಾನೆ, ಆಮೇಲೆ ಪೂರ್ತಿ ಡ್ರಮ್ಸು, ಎಲ್ಲಾ ಆದ್ಮೇಲೆ ಬೇಸ್. ಒಬ್ಬೊಬ್ಬರಾಗಿ ಮನೆಯೊಳಗೆ ಬಂದು ಕೂತಂಗೆ.

ಆಲ್ಬಮ್ 1972ರ ಮಾರ್ಚಲ್ಲಿ ಬಂತು, ಇಂಗ್ಲೆಂಡಲ್ಲಿ ನಂಬರ್ ಒಂದು. ಮುಖಪುಟ ನೋಡಿ, ಪಾಲಿಶ್ ಹೊಡೆದ ಲೋಹದ ತಗಡಲ್ಲಿ ಐದೂ ಜನರ ಪ್ರತಿಬಿಂಬ ಡೊಂಕು ಡೊಂಕಾಗಿ ಕಾಣ್ಸುತ್ತೆ. ಮಷೀನ್ ಹೆಡ್ ಅಂದ್ರೆ ಗಿಟಾರಿನ ತುದೀಲಿ ಶ್ರುತಿ ಮಾಡೋಕೆ ತಿರುಗಿಸೋ ಬಿರಡೆ, ನಮ್ಮ ವೀಣೆಗೆ ಇರೋ ಹಾಗೇ. ಹಿಟ್ ಆಗೋ ಹಾಡು ಅಂತ ಬ್ಯಾಂಡಿನೋರು ಆರಿಸಿ ಸಿಂಗಲ್, ಅಂದ್ರೆ ಬಿಡಿ ಹಾಡಿನ ರೆಕಾರ್ಡು, ಬಿಟ್ಟಿದ್ದು ಯಾವುದು ಹೇಳಿ? 'ನೆವರ್ ಬಿಫೋರ್'. ಇವತ್ತು ಅದನ್ನ ಯಾರಾದ್ರೂ ಗುನುಗ್ತೀರಾ? 'ಸ್ಮೋಕ್' ಅಮೆರಿಕದಲ್ಲಿ ಸಿಂಗಲ್ ಆಗಿ ಬಂದಿದ್ದು 1973ರಲ್ಲಿ, ಒಂದು ವರ್ಷದ ಮೇಲೆ, ಅಲ್ಲಿ ನಾಲ್ಕನೇ ಸ್ಥಾನದವರೆಗೂ ಹೋಯ್ತು. ಅಷ್ಟರಲ್ಲಿ ಬ್ಯಾಂಡಲ್ಲಿ ಗಿಲ್ಲನ್‌ಗೂ ಬ್ಲ್ಯಾಕ್‌ಮೋರ್‌ಗೂ ಮುಖ ಕೊಟ್ಟು ಮಾತಿಲ್ಲ, ಆ ವರ್ಷದ ಮಧ್ಯದಲ್ಲೇ ಗಿಲ್ಲನ್ನೂ ಗ್ಲೋವರೂ ಹೊರಗೆ. ಹಾಡು ಬರೆದ ಇಬ್ಬರೂ ಇಲ್ಲ, ಹಾಡು ಮಾತ್ರ ರೇಡಿಯೋದಲ್ಲಿ.

ಕೊನೇಲಿ ಪ್ರಶ್ನೆಗಳು ಬಂತು. ಒಬ್ಬ ಹುಡುಗ ಕೇಳಿದ, ಸಾರ್ ಈಗ ಲ್ಯಾಪ್‌ಟಾಪಲ್ಲೇ ಆ ಕಾರಿಡಾರಿನ ಗುಂಯ್ ತರಬಹುದಲ್ವಾ ಅಂತ. ತರಬಹುದು ಮಾರಾಯ, ನಾನೂ ದಿನಾ ಅದನ್ನೇ ಮಾಡೋದು, ಆದ್ರೆ ಲ್ಯಾಪ್‌ಟಾಪಿಗೂ ನಿನ್ನ ಕಿವಿಗೂ ಮಧ್ಯ ಬಾಲ್ಕನಿ ಇಲ್ವಲ್ಲ, ಪ್ರತಿ ಟೇಕೂ ಅಲ್ಲೇ ಕೇಳ್ತೀಯಾ ಅಂದೆ. ಇನ್ನೊಬ್ಬರು ಹಿರಿಯರು, ವೀಣೆ ಮೇಡಂ, ಆವರೆಗೂ ಒಂದೂ ಮಾತಾಡದೇ ಕೂತಿದ್ದೋರು, "ಅದೆಲ್ಲಾ ಸರಿ, ಛತ್ರದಲ್ಲಿ ನೀವು ತಂದಿದ್ದ ಹಾಸಿಗೆ ಏನಾಯ್ತಪ್ಪಾ?" ಅಂದ್ರು.

ರಾತ್ರಿ ಮಳೆ ಬಂತು ಮೇಡಂ. ಊಟದ ಹಾಲಿನ ಕಿಟಕಿ ಮುಚ್ಚೋಕೆ ಮರೆತಿದ್ವಿ, ನಾಲ್ಕು ಹಾಸಿಗೆ ನೆಂದು ಹಿಟ್ಟಾಯ್ತು. ಶಾಮಿಯಾನದೋರು ನಾಲ್ಕರ ದುಡ್ಡೂ ಕಟ್ಟಿಸ್ಕೊಂಡ್ರು. ಅದರಲ್ಲಿ ಎರಡನ್ನ ಒಣಗಿಸಿ, ಹತ್ತಿ ಬಿಡಿಸಿ ಮತ್ತೆ ಹೊಲಿಸಿ, ನಮ್ಮಮ್ಮ ಮೊನ್ನೆ ಮೊನ್ನೆವರೆಗೂ ನೆಂಟರಿಗೆ ಹಾಸ್ತಿದ್ರು.